ಎರಡು ದಿನದ ಕೆಲಸ

ಬಡಗಿಯು ದಿನವೆಲ್ಲ ಉಳಿ ಹಿಡಿದಿದ್ದರೆ, ಅವನು ಕೆಲಸಮಾಡಿದನೇ ಎಂದು ಯಾರೂ ಕೇಳುವುದಿಲ್ಲ. ಅಧ್ಯಾಪಕನು ಎರಡು ಗಂಟೆ ಪಾಠ ಹೇಳಿ ಮನೆಗೆ ಬಂದರೆ ನೆರೆಯವರು, “ನಿಮ್ಮದೇ ಪುಣ್ಯ ಸ್ವಾಮಿ, ಕೆಲಸವೇ ಇಲ್ಲ” ಎನ್ನುತ್ತಾರೆ. ಈ ಮಾತಿನೊಳಗಿನ ಪ್ರಶ್ನೆಯು ಒಮ್ಮೆ ಲಂಡನ್ನಿನ ನ್ಯಾಯಸ್ಥಾನದವರೆಗೂ ಹೋಗಿದ್ದಿತು.

1877ರಲ್ಲಿ ಅಲ್ಲಿಯ ಒಂದು ಚಿತ್ರಶಾಲೆಯಲ್ಲಿ ವಿಸ್ಲರ್ ಎಂಬ ಅಮೆರಿಕದ ಚಿತ್ರಕಾರನು ತನ್ನ ಪಟವೊಂದನ್ನು ಪ್ರದರ್ಶನಕ್ಕಿಟ್ಟನು. ಉದ್ಯಾನದ ಕತ್ತಲೆ, ಬಾಣಬಿರುಸು ಒಡೆದು ಉದುರುತ್ತಿರುವ ಕಿಡಿಗಳು, ಅದರಲ್ಲಿದ್ದುದು ಇಷ್ಟೆ. ಬೆಲೆ 200 ಗಿನಿ. ಗಿನಿಯೆಂದರೆ 21 ಷಿಲಿಂಗು; ಕೂಲಿಯನ್ನು ಷಿಲಿಂಗಿನಲ್ಲಿಯೂ, ವೈದ್ಯ, ವಕೀಲ, ಚಿತ್ರಕಾರರ ಸಂಭಾವನೆಯನ್ನು ಗಿನಿಯಲ್ಲಿಯೂ ಎಣಿಸುವುದು ಅಂದಿನ ಮರ್ಯಾದೆ. ಇಂತಹ ಪಟಕ್ಕೆ ಇಷ್ಟು ಹಣ ಕೇಳುವುದು ಧೂರ್ತತನವೆಂಬ ಅರ್ಥ ಬರುವಂತೆ ಪ್ರಸಿದ್ಧ ವಿಮರ್ಶಕ ಜಾನ್ ರಸ್ಕಿನ್ನನು ಬರೆದನು. ವಿಸ್ಲರನು ಮಾನನಷ್ಟದ ದಾವೆ ಹೂಡಿದನು.

1878ರ ನವೆಂಬರಿನಲ್ಲಿ ವಿಚಾರಣೆ ನಡೆಯಿತು. ಪಟ ಬರೆಯಲು ಎಷ್ಟು ಕಾಲ ಹಿಡಿಯಿತೆಂದು ರಸ್ಕಿನ್ನನ ಪರವಾಗಿ ಅಟಾರ್ನಿ ಜನರಲ್ಲರು ಕೇಳಿದರು. ಎರಡು ದಿನವೆಂದು ಉತ್ತರ ಬಂದಿತು. ಎರಡು ದಿನದ ಶ್ರಮಕ್ಕೆ 200 ಗಿನಿಯೇ? ಅಲ್ಲ, ಜೀವಮಾನವೆಲ್ಲ ಗಳಿಸಿದ ಜ್ಞಾನಕ್ಕೆ ಎಂದನು ವಿಸ್ಲರ್. ಸಭೆಯಲ್ಲಿ ಕರತಾಡನವಾಯಿತು. ಪ್ರಶ್ನೆ ಕೇಳಿದ ವಕೀಲರ ಫೀಜಿನಲ್ಲಿಯೂ ಓದಿನ ವರ್ಷಗಳ ಬೆಲೆ ಸೇರಿದ್ದಿತಷ್ಟೆ!

ಆದರೆ ರಸ್ಕಿನ್ನನನ್ನು ಬರಿಯ ಕುಹಕಿಯೆಂದು ತಳ್ಳಿಹಾಕಲಾಗದು. 1904ರಲ್ಲಿ ಗಾಂಧೀಜಿಯವರು ಓದಿ, 1908ರಲ್ಲಿ ‘ಸರ್ವೋದಯ’ವೆಂದು ಗುಜರಾತಿಗೆ ಇಳಿಸಿದ್ದು ಇವನ ಗ್ರಂಥವನ್ನೇ. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಒಂದೇ ಬೆಲೆಯೆಂಬ ತತ್ತ್ವವನ್ನು ಅವರು ಕಂಡುಕೊಂಡದ್ದು ಅದರಲ್ಲಿ. ಕೈಯ ಶ್ರಮವು ವಸ್ತುವಿನ ಮೇಲೆ ಕಾಣಬೇಕೆನ್ನುವವನಿಗೆ ಆ ಅವಸರದ ಕುಂಚವು ವಂಚನೆಯಾಗಿ ತೋರಿದುದು ಆಶ್ಚರ್ಯವಲ್ಲ. ಅವನು ತಪ್ಪಿದುದು, ನನ್ನ ಎಣಿಕೆಯಲ್ಲಿ, ಒಂದೇ ಕಡೆ: ಎರಡು ದಿನದಲ್ಲಿ ಮುಗಿಯುವಷ್ಟು ಕೈ ಪಳಗಲು ಹಿಡಿದ ವರ್ಷಗಳೂ ಶ್ರಮವೇ, ಅವು ಪಟದ ಮೇಲೆ ಎದ್ದು ಕಾಣುವುದಿಲ್ಲ.

ಪಂಚಾಯಿತರಿಗೂ ಇದು ಬಗೆಹರಿಯಲಿಲ್ಲವೆಂದು ತೋರುತ್ತದೆ. ತೀರ್ಪು ವಿಸ್ಲರನ ಪರವಾಯಿತು. ಪರಿಹಾರ ಮಾತ್ರ ಒಂದು ಫಾರ್ದಿಂಗು, ಎಂದರೆ ಪೆನ್ನಿಯ ಕಾಲುಭಾಗ! ಖರ್ಚನ್ನೂ ಕೊಡಿಸಲಿಲ್ಲ. 1879ರಲ್ಲಿ ಅವನು ದಿವಾಳಿಯಾದನು. ರಸ್ಕಿನ್ನನು ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಪದವಿಯನ್ನು ಬಿಟ್ಟನು. ಅದೇ ಪಟವು 1892ರಲ್ಲಿ 800 ಗಿನಿಗೆ ಮಾರಾಟವಾಯಿತು. ಈಗ ಅದು ಅಮೆರಿಕದ ಡೆಟ್ರಾಯಿಟ್ ನಗರದ ಕಲಾಶಾಲೆಯಲ್ಲಿದೆ.