ಮರದ ತುದಿಯ ಕೆಲಸ

ಬೆಳ್ಳಾರೆ ಎಂದರೆ ಚರಿತ್ರೆ ಓದಿದವರಿಗೆ 1837ರ ದಂಗೆ ನೆನಪಾಗುತ್ತದೆ; ಕೆದಂಬಾಡಿ ರಾಮಯ್ಯ ಗೌಡರ ಪಡೆ ವಶಪಡಿಸಿಕೊಂಡ ಖಜಾನೆ ಇದ್ದದ್ದು ಇಲ್ಲಿಯೇ. ಆದರೆ ಮಳೆಗಾಲ ಬಂತೆಂದರೆ ಇಲ್ಲಿನ ಅಡಿಕೆಯವರಾದ ನಮಗೆ ಖಜಾನೆಯ ಯೋಚನೆಯಲ್ಲ, ಮದ್ದಿನ ಯೋಚನೆ. ಮಳೆ ಯಾವಾಗ ಹೊಳವಾದೀತು, ಮರ ಹತ್ತುವವರು ಯಾವಾಗ ಬಂದಾರು?

ಈ ಮದ್ದಿಗೂ ಒಂದು ಚರಿತ್ರೆಯಿದೆ. ಫ್ರಾನ್ಸಿನ ಬೋರ್ಡೊ ಸೀಮೆಯ ದ್ರಾಕ್ಷಿತೋಟಗಳಿಗಾಗಿ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಪ್ರಕಟಪಡಿಸಿದ್ದು ಮೈಲುತುತ್ತು, ಸುಣ್ಣಗಳ ಈ ಮಿಶ್ರಣ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್ ಅದನ್ನೇ ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿದರು. ಅದಕ್ಕೂ ಹಿಂದೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ. ಲೆಕ್ಕ ಇಂದಿಗೂ ಅದೇ. ಮಳೆ ಹಿಡಿಯುವ ಮುಂಚೆ ಒಮ್ಮೆ, ಸುಮಾರು ನಲವತ್ತೈದು ದಿನ ಕಳೆದು ಇನ್ನೊಮ್ಮೆ.

ಕೋಲ್‌ಮನ್ನರು ಮದ್ದನ್ನೇನೋ ಕೊಟ್ಟರು, ಅದನ್ನು ಐವತ್ತು ಅಡಿ ಮೇಲೆ ಒಯ್ಯುವವನು ಮಾತ್ರ ಮನುಷ್ಯನೇ ಆಗಬೇಕಾಯಿತು. ಕಾಲಿಗೆ ತಳೆ, ಕೂರಲು ಒಂದು ಮಣೆ, ಹಿಂದೆ ಎಳೆದುಬರುವ ಪೈಪು. ಒಂದು ಮರ ಮುಗಿದರೆ ಕೆಳಗಿಳಿಯುವುದಿಲ್ಲ. ಅದನ್ನೇ ಬಗ್ಗಿಸಿ ಪಕ್ಕದ ಮರ ಹಿಡಿಯುತ್ತಾರೆ. ನಮ್ಮ ತೋಟಕ್ಕೆ ಬರುತ್ತಿದ್ದವರೊಬ್ಬರು ಬೇರೆ ಕಡೆ ಮರದಿಂದ ಬಿದ್ದು ಸೊಂಟ ಕಳೆದುಕೊಂಡರು. ಅವರ ಮಗ ಮರ ಹತ್ತುವುದಿಲ್ಲ, ಅವನಿಗೆ ಹತ್ತು ಎಂದು ಹೇಳುವ ಬಾಯಿ ನಮಗೂ ಇಲ್ಲ.

ಹೀಗಾಗಿಯೇ ಯಂತ್ರದ ಹುಡುಕಾಟ. 2019ರಲ್ಲಿ ಬಂಟ್ವಾಳ ತಾಲೂಕಿನ ಸಜಿಪಮೂಡದ ಗಣಪತಿ ಭಟ್ಟರು ಮರ ಹತ್ತುವ ಬೈಕನ್ನೇ ಮಾಡಿದರು. ಅದು ಸುದ್ದಿಯೂ ಆಯಿತು. ಆದರೆ ಮರ ಒದ್ದೆಯಿದ್ದಾಗ ಯಾವುದಕ್ಕೂ ಕಷ್ಟವೇ.

ಡ್ರೋನ್ ಬಂದಾಗ ನಾವೂ ಆಸೆಯಿಂದ ತಲೆಯೆತ್ತಿ ನೋಡಿದೆವು. ಅದು ಮೇಲಿನಿಂದ ಮದ್ದು ಸುರಿಸುತ್ತದೆ. ಗೊನೆ ಇರುವುದು ಸೋಗೆಯ ಅಡಿಯಲ್ಲಿ. ಸೋಗೆಗೆ ಸ್ನಾನ, ಗೊನೆಗೆ ತೀರ್ಥ! ಹತ್ತು ಲೀಟರಿನ ಟ್ಯಾಂಕು ಹೊತ್ತರೆ ಬ್ಯಾಟರಿ ಹತ್ತು-ಹದಿನೈದು ನಿಮಿಷಕ್ಕೆ ಮುಗಿಯುತ್ತದೆ. ಎಕರೆಗೆ ಐನೂರಕ್ಕೂ ಮಿಕ್ಕಿ ಮರವಿರುವ ತೋಟಕ್ಕೆ ಹತ್ತು ಲೀಟರು ಎಲ್ಲಿ ಸಾಕು? ಸಾಲದ್ದಕ್ಕೆ ಸುಣ್ಣದ ಗಸಿ ಸಣ್ಣ ತೂತಿಗೆ ಕಟ್ಟಿಕೊಳ್ಳುತ್ತದೆ. ನೆಲದಿಂದಲೇ ಪೈಪು ಎಳೆದುಕೊಂಡು ಹಾರಿ ಎತ್ತರದ ಕಟ್ಟಡದ ಗೋಡೆ ತೊಳೆಯುವ ಡ್ರೋನ್ ಹೊರದೇಶಗಳಲ್ಲಿದೆ. ಗೋಡೆಯ ಮುಂದೆ ಬಯಲಿರುತ್ತದೆ. ಒಂಬತ್ತಡಿಗೊಂದು ಮರ, ಮೇಲೆ ಸೋಗೆಗೆ ಸೋಗೆ ಕೂಡಿಕೊಂಡಿರುವ ನಮ್ಮಲ್ಲಿ ಆ ಪೈಪು ಎಲ್ಲಿ ಸುತ್ತಿಕೊಳ್ಳುತ್ತದೋ! 1975ರಲ್ಲಿ ಟೊರಾಂಟೊದ ಸಿ.ಎನ್. ಗೋಪುರದ ತುದಿಯ ಆಂಟೆನಾವನ್ನು ಹೆಲಿಕಾಪ್ಟರೊಂದು ತುಂಡು ತುಂಡಾಗಿ ಎತ್ತಿಟ್ಟಿತ್ತು. ಭಾರ ಎತ್ತುವ ವಿದ್ಯೆ ಹೊಸದಲ್ಲ. ಬುಡದಲ್ಲಿ ನುಸುಳುವ ವಿದ್ಯೆ ಬರಬೇಕಷ್ಟೆ.

ಸದ್ಯಕ್ಕೆ ನನ್ನ ಓಟು ಕಾರ್ಬನ್ ಫೈಬರಿನ ದೋಟಿಗೆ. ಹಗುರ, ಉದ್ದ, ನೆಲದಲ್ಲೇ ನಿಂತು ಗೊನೆಯ ಅಡಿಗೆ ಮದ್ದು ಬಿಡಬಹುದು. ಬೆಲೆ ಜಾಸ್ತಿ, ಸಂಜೆಗೆ ಕತ್ತು ನೋವು. ಕಳೆದ ಮಳೆಗಾಲ ಆ ಮರ ಹತ್ತದ ಮಗನೇ ನಮ್ಮಲ್ಲಿ ದೋಟಿ ಹಿಡಿದ. ಅಪ್ಪ ಜಗಲಿಯಲ್ಲಿ ಕುಳಿತು, "ಆಚೆ ಮರದ್ದು ಬಿಟ್ಟುಹೋಯ್ತು ನೋಡು" ಎಂದು ಕೂಗುತ್ತಿದ್ದರು.