ಟರ್ಬೊ ಪಿಕಪ್ ಬಂದ ಮೇಲೆ ಹಳೇ ಗಾಡಿ ಲೆಕ್ಕಕ್ಕಿಲ್ಲವೇ? ನಿಜವೆಷ್ಟು, ಬರೀ ಮಾತೆಷ್ಟು?

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಬೆಳಿಗ್ಗೆ ಹೊತ್ತು ಒಂದು ಸುತ್ತು ಹಾಕಿದರೆ ಸಣ್ಣ ಸರಕು ಗಾಡಿಗಳ ಇಪ್ಪತ್ತು ವರ್ಷದ ಇತಿಹಾಸ ಸಾಲಾಗಿ ನಿಂತಿರುವುದು ಕಾಣುತ್ತದೆ. ಬಣ್ಣ ಮಾಸಿದ ಹಳೇ ಟಾಟಾ ಏಸ್, ಅದರ ಪಕ್ಕ ಅಶೋಕ್ ಲೇಲ್ಯಾಂಡ್ ದೋಸ್ತ್, ಆಚೆಗೆ ಹೊಸ ಬೊಲೆರೊ ಮ್ಯಾಕ್ಸ್ ಪಿಕಪ್. ಚಾಲಕರ ಹತ್ತಿರ ಮಾತಿಗೆ ನಿಂತರೆ ಎರಡೇ ಅಭಿಪ್ರಾಯ. "ಹೊಸಾದು ಟರ್ಬೊ ಐತ್ರಿ, ಘಟ್ಟ ಹೆಂಗ ಏರತೈತಿ ನೋಡ್ರಿ" ಎನ್ನುವುದು ಒಂದು. "ಹಳೇದ ಗಟ್ಟಿ, ಹೊಸಾದ್ರಾಗ ಬರೇ ಸೆನ್ಸರ್ ಅದಾವ" ಎನ್ನುವುದು ಇನ್ನೊಂದು.

ಇದು ಕಟ್ಟೆಯ ಮೇಲಿನ ಚರ್ಚೆಯಷ್ಟೇ ಆಗಿದ್ದರೆ ನಾವು ಇಲ್ಲಿ ಬರೆಯುತ್ತಿರಲಿಲ್ಲ. ಒಂದೇ ಗಾಡಿ ಇಟ್ಟುಕೊಂಡು ಬಾಡಿಗೆ ಹೊಡೆಯುವವರಿಗೆ, ನಾಲ್ಕು ಜನರ ಸಣ್ಣ ಎಂಜಿನಿಯರಿಂಗ್ ಶೆಡ್ ನಡೆಸುವವರಿಗೆ ಈ ಪ್ರಶ್ನೆಯ ಉತ್ತರ ಐದು ವರ್ಷದ ಸಾಲವಾಗಿ ಕೂರುತ್ತದೆ. ಹಾಗಾಗಿ ಎರಡೂ ಮಾತುಗಳನ್ನು ಬಿಡಿಸಿ ನೋಡೋಣ.

ಮೊದಲು: "ಹಳೇದು" ಅಂದರೆ ಯಾವುದು?

ಟಾಟಾ ಏಸ್ ಮಾರುಕಟ್ಟೆಗೆ ಬಂದದ್ದು 2005ರ ಮೇ ತಿಂಗಳಲ್ಲಿ. ಜನ ಅದಕ್ಕೆ ಇಟ್ಟ ಹೆಸರು ಛೋಟಾ ಹಾಥಿ. ಎರಡು ಸಿಲಿಂಡರಿನ 702 ಸಿಸಿ ಡೀಸೆಲ್ ಎಂಜಿನ್, 16 ಎಚ್‌ಪಿ ಶಕ್ತಿ, 750 ಕಿಲೊ ಹೊರುವ ಸಾಮರ್ಥ್ಯ. ಟರ್ಬೊ ಇರಲಿಲ್ಲ. ಇಂಧನವನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸದೆ, ಪಕ್ಕದ ಒಂದು ಚಿಕ್ಕ ಕೋಣೆಯಲ್ಲಿ ಮೊದಲು ಉರಿಸುವ ಹಳೆಯ ವಿನ್ಯಾಸ ಅದರದ್ದು. ಏಸ್ ಕುಟುಂಬ ನಮಗೇನೂ ಪರಕೀಯವಲ್ಲ. ಅದೇ ಬಳಗದ ಏಸ್ ಜಿಪ್ ಮತ್ತು ಮ್ಯಾಜಿಕ್ ಐರಿಸ್ ತಯಾರಾದದ್ದು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ.

ಇನ್ನು ಟರ್ಬೊ "ಈಗ ಬಂತು" ಎನ್ನುವುದು ಅರ್ಧ ಸತ್ಯ. 2011ರಲ್ಲಿ ಬಂದ ದೋಸ್ತ್‌ಗೆ ಆಗಲೇ ಮೂರು ಸಿಲಿಂಡರಿನ ಟರ್ಬೊ, ಕಾಮನ್ ರೇಲ್ ಎಂಜಿನ್ ಇತ್ತು. ಮಹೀಂದ್ರ 2023ರ ಏಪ್ರಿಲ್‌ನಲ್ಲಿ ಬೊಲೆರೊ ಮ್ಯಾಕ್ಸ್ ಪಿಕಪ್‌ನ ಹೊಸ ಸಾಲನ್ನು ತಂದಾಗ ಅದರೊಳಗಿದ್ದದ್ದು ಹಿಂದಿನ ಬೊಲೆರೊ ಪಿಕಪ್‌ನಲ್ಲೂ ಇದ್ದ 2,523 ಸಿಸಿ ಟರ್ಬೊ ಎಂಜಿನ್ನೇ. ಭಾರದ ಎಚ್‌ಡಿ ಮಾದರಿಗೆ ಅದನ್ನು 80 ಎಚ್‌ಪಿ, 220 ನ್ಯೂಟನ್ ಮೀಟರ್ ಟಾರ್ಕ್‌ಗೆ ಏರಿಸಿದರು. ಹೊರುವ ಭಾರ 2 ಟನ್‌ವರೆಗೆ ಹೋಯಿತು. ಅಂದರೆ ಬೊಲೆರೊ ಮಟ್ಟಿಗೆ "ಹೊಸದು" ಎಂಬುದು ಹೆಚ್ಚಾಗಿ ಚೌಕಟ್ಟು, ಸಸ್ಪೆನ್ಶನ್, ಕ್ಯಾಬಿನ್ ಮತ್ತು ಹೊಗೆ ಶುದ್ಧಿಯ ಸಾಮಾನು. ಶೋರೂಂನವರು ಟರ್ಬೊ ಹೆಸರನ್ನೇ ಮುಂದೆ ಮಾಡುವುದು ಅದು ಕಿವಿಗೆ ಇಂಪಾಗಿರುತ್ತದೆ ಎಂಬ ಕಾರಣಕ್ಕೆ.

ಟರ್ಬೊ ಮಾಡುವುದೇನು?

ಎಂಜಿನ್‌ನ ಶಕ್ತಿ ಡೀಸೆಲ್‌ನಿಂದ ಬರುತ್ತದೆ, ಆದರೆ ಡೀಸೆಲ್ ಪೂರ್ತಿ ಉರಿಯಲು ಗಾಳಿ ಬೇಕು. ಗಾಳಿ ಕಡಿಮೆಯಾದರೆ ಎಷ್ಟು ಡೀಸೆಲ್ ಸುರಿದರೂ ಕರಿ ಹೊಗೆಯಷ್ಟೇ ಲಾಭ. ಟರ್ಬೊ ಇಲ್ಲದ ಎಂಜಿನ್ ತಾನೇ ಎಳೆದುಕೊಂಡಷ್ಟು ಗಾಳಿಯಲ್ಲಿ ಕೆಲಸ ಮುಗಿಸಬೇಕು. ಟರ್ಬೊದಲ್ಲಿ ಸೈಲೆನ್ಸರ್ ಕಡೆ ಹೊರಟ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಸಣ್ಣ ಟರ್ಬೊಗಳು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತವೆ. ವ್ಯರ್ಥವಾಗಿ ಹೋಗುತ್ತಿದ್ದ ಹೊಗೆಯ ಶಕ್ತಿಯನ್ನು ಒಂದಿಷ್ಟು ವಾಪಸ್ ಪಡೆಯುವ ಉಪಾಯ ಇದು.

ನಮ್ಮ ಊರಿಗೆ ಇದರಿಂದ ಇನ್ನೊಂದು ಸಣ್ಣ ಲಾಭವೂ ಇದೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕಾರವಾರದ ಗಾಳಿಗಿಂತ ಆರೇಳು ಪ್ರತಿಶತ ತೆಳು. ಟರ್ಬೊ ಇಲ್ಲದ ಎಂಜಿನ್ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಇದ್ದರೆ ಆ ಕೊರತೆ ಬಹುಮಟ್ಟಿಗೆ ತುಂಬುತ್ತದೆ.

ಘಟ್ಟದ ಮಾತು ಎಷ್ಟು ನಿಜ?

ಪೂರಾ ನಿಜ. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ ಯಲ್ಲಾಪುರ ದಾಟಿದ ಮೇಲೆ ಅರಬೈಲು ಘಟ್ಟ ಸಿಗುತ್ತದೆ. ಕರಾವಳಿಯಿಂದ ಲೋಡು ಹೇರಿಕೊಂಡು ವಾಪಸ್ ಬರುವಾಗ ಅದನ್ನು ಹತ್ತಲೇಬೇಕು. ನೂರು ಮೀಟರಿಗೆ ಎಂಟು ಮೀಟರ್ ಏರುವ ದಾರಿ ಎಂದಿಟ್ಟುಕೊಂಡು ಲೆಕ್ಕ ಹಾಕಿದೆವು. ಪೂರ್ತಿ ಲೋಡಾದ ಹಳೇ ಏಸ್‌ನ ಒಟ್ಟು ತೂಕ 1,550 ಕಿಲೊ. ಗೇರು, ಟಯರುಗಳಲ್ಲಿ ಕಳೆಯುವುದನ್ನು ಬಿಟ್ಟರೆ ಅದರ 16 ಎಚ್‌ಪಿ ಗಂಟೆಗೆ ಸುಮಾರು 25 ಕಿ.ಮೀ. ವೇಗಕ್ಕೆ ಸಾಲುತ್ತದೆ. ಅದೇ ಕಂಪನಿಯ ಟರ್ಬೊ ಇರುವ ಇಂಟ್ರಾ ವಿ30 ಗಾಡಿಗೆ 70 ಎಚ್‌ಪಿ. ಪೂರ್ತಿ ಲೋಡಿನೊಂದಿಗೆ 2,565 ಕಿಲೊ ಇದ್ದರೂ ಅದೇ ಏರಿನಲ್ಲಿ ಲೆಕ್ಕದ ಪ್ರಕಾರ 65-70 ಕಿ.ಮೀ. ಸಾಧ್ಯ. ಘಟ್ಟದ ತಿರುವು ಅಷ್ಟು ಬಿಡುವುದಿಲ್ಲ, ಆ ಮಾತು ಬೇರೆ. ಇಂಟ್ರಾ ಏಸ್‌ನ ನೇರ ವಾರಸುದಾರ ಅಲ್ಲ, ಅದಕ್ಕಿಂತ ದೊಡ್ಡ ಗಾಡಿ ಎಂಬುದೂ ನೆನಪಿರಲಿ. ಆದರೂ ಟನ್ನಿಗೆ 10 ಎಚ್‌ಪಿ ಇದ್ದದ್ದು 27ಕ್ಕೆ ಏರಿದ ವ್ಯತ್ಯಾಸ ಚಾಲಕರ ಕಾಲಿಗೆ ಗೊತ್ತಾಗದೆ ಇರುವುದಿಲ್ಲ.

ಹಳೇ ಏಸ್‌ನಲ್ಲಿ ಒಂದೂವರೆ ಟನ್ ಹೇರಿ ಘಟ್ಟ ಹತ್ತಿಸಿದ ಕಥೆಗಳನ್ನು ಎಲ್ಲರೂ ಕೇಳಿದ್ದೇವೆ. ಲೆಕ್ಕದಲ್ಲಿ ಅದು ಸುಮಾರು 18 ಕಿ.ಮೀ. ವೇಗ, ಅಂದರೆ ಸೈಕಲ್ಲಿನಷ್ಟು. ಹತ್ತಿತು ಎಂಬುದು ಎಂಜಿನ್‌ನ ಹೆಗ್ಗಳಿಕೆ ನಿಜ. ಇಳಿಯುವಾಗ ಬ್ರೇಕ್ ಏನಾಯಿತು ಎಂದು ಯಾರೂ ಹೇಳುವುದಿಲ್ಲ.

"ಟರ್ಬೊ ಡೀಸೆಲ್ ಕುಡಿಯುತ್ತದೆ"

ಇದು ತಪ್ಪು ತಿಳಿವಳಿಕೆ, ಆದರೆ ಅದಕ್ಕೊಂದು ಕಾರಣವಿದೆ. ಇಂಧನವನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ಎಂಜಿನ್, ಪಕ್ಕದ ಕೋಣೆಯ ಹಳೇ ವಿನ್ಯಾಸಕ್ಕಿಂತ ಅದೇ ಕೆಲಸಕ್ಕೆ ಹತ್ತರಿಂದ ಇಪ್ಪತ್ತು ಪ್ರತಿಶತ ಕಡಿಮೆ ಡೀಸೆಲ್ ಸುಡುತ್ತದೆ. ಹಾಗಾದರೆ ಹೊಸ ಗಾಡಿಯ ಮೈಲೇಜು ಕಡಿಮೆ ಬರುವುದೇಕೆ? ಗಾಡಿಯೇ ಭಾರ, ಹೊರುವುದೂ ಜಾಸ್ತಿ, ಓಡುವುದೂ ಜೋರು. 60ರಲ್ಲಿ ಹೋಗುವಾಗ ಗಾಡಿಯನ್ನು ಹಿಂದಕ್ಕೆ ತಳ್ಳುವ ಗಾಳಿಯ ಬಲ 80ರಲ್ಲಿ ಸುಮಾರು 1.8 ಪಟ್ಟಾಗುತ್ತದೆ. ಹಳೇ ಏಸ್ 80ಕ್ಕೆ ಹೋಗುತ್ತಲೇ ಇರಲಿಲ್ಲ; ಅದರ ಮೈಲೇಜಿನ ಅರ್ಧ ಗುಟ್ಟು ಅಲ್ಲಿದೆ.

"ಟರ್ಬೊ ಎಂಜಿನ್ ಬೇಗ ಸವೆಯುತ್ತದೆ" ಎಂಬ ಮಾತಿಗೂ ಒಂದು ಸುಲಭ ಪರೀಕ್ಷೆ ಇದೆ: ಲೀಟರ್ ಗಾತ್ರಕ್ಕೆ ಎಷ್ಟು ಎಚ್‌ಪಿ ಹಿಂಡಿದ್ದಾರೆ ನೋಡಿ. ಹಳೇ ಏಸ್‌ನಲ್ಲಿ ಸುಮಾರು 23, ಬೊಲೆರೊ ಮ್ಯಾಕ್ಸ್ ಎಚ್‌ಡಿಯಲ್ಲಿ 32, ಇಂಟ್ರಾ ವಿ30ಯಲ್ಲಿ 47. ಈಗಿನ 1.5 ಲೀಟರ್ ಡೀಸೆಲ್ ಕಾರುಗಳಲ್ಲಿ ಇದು 65 ದಾಟಿದೆ. ಅಂದರೆ ಪಿಕಪ್ ಎಂಜಿನ್‌ಗಳನ್ನು ಇನ್ನೂ ಸಾಕಷ್ಟು ನೆಮ್ಮದಿಯಲ್ಲೇ ಇಟ್ಟಿದ್ದಾರೆ. ಹಾಳಾಗುವುದು ಹೆಚ್ಚಾಗಿ ಟರ್ಬೊದ ದಂಡ ಕೂರುವ ಜಾಗ, ಅದೂ ಎಣ್ಣೆಯ ಕಾರಣಕ್ಕೆ. ಘಟ್ಟ ಹತ್ತಿ ಬಂದವರೇ ಚಹಾದ ಅಂಗಡಿ ಮುಂದೆ ತಟ್ಟನೆ ಕೀ ತಿರುಗಿಸಿ ಆಫ್ ಮಾಡಿದರೆ ಎಣ್ಣೆಯ ಹರಿವು ನಿಲ್ಲುತ್ತದೆ, ಕಾದ ಟರ್ಬೊದೊಳಗೆ ಉಳಿದ ಎಣ್ಣೆ ಸುಟ್ಟು ಕರಕಲಾಗುತ್ತದೆ. ಒಂದೆರಡು ನಿಮಿಷ ಎಂಜಿನ್ ನಿಧಾನವಾಗಿ ಓಡಲು ಬಿಟ್ಟು ಆಮೇಲೆ ಆಫ್ ಮಾಡಿದರೆ ಸಾಕು. ಎಣ್ಣೆ ಬದಲಿಸುವ ಅವಧಿಯನ್ನು ಮುಂದೂಡುವುದು ಹಳೇ ಗಾಡಿಯಲ್ಲಿ ನಡೆಯುತ್ತಿತ್ತು, ಇಲ್ಲಿ ನಡೆಯುವುದಿಲ್ಲ.

"ಬರೇ ಸೆನ್ಸರ್": ಈ ದೂರಿನಲ್ಲಿ ಹುರುಳಿದೆ

ಹಳೇ ಗಾಡಿಯವರ ದೂರು ನಿಜವಾಗಿ ಟರ್ಬೊ ಮೇಲಿನದ್ದಲ್ಲ, 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್6 ನಿಯಮದ ಮೇಲಿನದ್ದು. ಈ ನಿಯಮ ಬಂದಾಗ ದೊಡ್ಡ ಪಿಕಪ್‌ಗಳ ವರ್ಗದಲ್ಲಿ ಕಿಲೊಮೀಟರಿಗೆ ಬಿಡಬಹುದಾದ ಮಸಿಯ ಮಿತಿ 0.06 ಗ್ರಾಂನಿಂದ 0.0045 ಗ್ರಾಂಗೆ ಇಳಿಯಿತು. ಹದಿಮೂರನೇ ಒಂದು ಭಾಗ! ಡೀಸೆಲ್‌ನಲ್ಲಿನ ಗಂಧಕವೂ ಹತ್ತು ಲಕ್ಷದಲ್ಲಿ 50 ಪಾಲಿನಿಂದ 10ಕ್ಕೆ ಬಂತು. ತಾರಿಹಾಳದ ಶೆಡ್ಡುಗಳ ಮುಂದೆ ದಿನವಿಡೀ ಲೋಡು ಇಳಿಸುವ ಹಮಾಲರ ಶ್ವಾಸಕೋಶಕ್ಕೆ ಇದು ಸಣ್ಣ ಉಪಕಾರವಲ್ಲ. ಮೈಲೇಜಿನ ಜಗಳದಲ್ಲಿ ಈ ಅಂಶ ಯಾರ ಬಾಯಲ್ಲೂ ಬರುವುದಿಲ್ಲ ಎಂಬುದು ನಮಗೆ ಬೇಸರದ ಸಂಗತಿ.

ಅಷ್ಟು ಮಸಿಯನ್ನು ಹಿಡಿಯುವುದು ಡಿಪಿಎಫ್ ಎಂಬ ಜಾಲರಿ. ಹಿಡಿದ ಮಸಿ ಅಲ್ಲೇ ಉಳಿದರೆ ಜಾಲರಿ ಕಟ್ಟಿಕೊಳ್ಳುತ್ತದೆ. ಅದಕ್ಕಾಗಿ ಗಾಡಿ ಆಗಾಗ ತಾನಾಗಿಯೇ ಹೊಗೆಯನ್ನು 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ಈ ಕೆಲಸಕ್ಕೆ ಗಾಡಿ ಒಂದಿಷ್ಟು ಹೊತ್ತು ನಿಲ್ಲದೆ ಓಡುತ್ತಿರಬೇಕು. ಇಡೀ ದಿನ ತಾರಿಹಾಳದಿಂದ ಗೋಕುಲ ರಸ್ತೆಗೆ, ಅಲ್ಲಿಂದ ಅಮರಗೋಳದ ಎಪಿಎಂಸಿಗೆ, ಐದೈದು ಕಿಲೊಮೀಟರ್ ಓಡಿ ನಿಂತು, ಲೋಡು ಇಳಿಸುವಾಗಲೂ ಎಂಜಿನ್ ಆನ್ ಇಟ್ಟರೆ ಈ ಸುಡುವಿಕೆ ಅರ್ಧಕ್ಕೇ ನಿಲ್ಲುತ್ತದೆ. ಒಂದು ದಿನ ಮೀಟರಿನಲ್ಲಿ ದೀಪ ಹತ್ತುತ್ತದೆ, ಗಾಡಿ ಎಳೆಯುವುದನ್ನೇ ಬಿಡುತ್ತದೆ. ಚಾಲಕ "ಸೆನ್ಸರ್ ಹೋತು" ಎನ್ನುತ್ತಾನೆ.

ಪರಿಹಾರ ಸರಳ. ದೀಪ ಕಂಡ ಕೂಡಲೇ ಗ್ಯಾರೇಜಿಗೆ ಓಡುವ ಬದಲು ಮೊದಲು ಗಾಡಿಯ ಕೈಪಿಡಿ ನೋಡಿ. ಆರಂಭದ ಹಂತದ ಎಚ್ಚರಿಕೆಯಾಗಿದ್ದರೆ ಗಬ್ಬೂರು-ನರೇಂದ್ರ ಬೈಪಾಸ್‌ನಂಥ ರಸ್ತೆಯಲ್ಲಿ ಇಪ್ಪತ್ತು-ಮೂವತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿದರೆ ಹೆಚ್ಚಿನ ಸಲ ದೀಪ ಆರುತ್ತದೆ. ದೀಪವನ್ನು ವಾರಗಟ್ಟಲೆ ಕಡೆಗಣಿಸಿದರೆ ಮಾತ್ರ ಖರ್ಚು ದೊಡ್ಡದು. ಜಾಲರಿಯನ್ನೇ ಕಿತ್ತುಹಾಕಿ ಎಂದು ಸಲಹೆ ಕೊಡುವವರೂ ಇದ್ದಾರೆ. ಅದು ಕಾನೂನಿಗೆ ವಿರುದ್ಧ. ವಾರಂಟಿ ಹೋಗುತ್ತದೆ, ಎಫ್‌ಸಿ ಸಮಯದಲ್ಲೂ ಸಿಕ್ಕಿಬೀಳುತ್ತೀರಿ.

ಹಳೇ ಗಾಡಿ ಈ ಒಂದು ವಿಷಯದಲ್ಲಿ ನಿಜಕ್ಕೂ ಗೆಲ್ಲುತ್ತದೆ. ರಾತ್ರಿ ಹತ್ತಕ್ಕೆ ಕಲಘಟಗಿ ದಾರಿಯಲ್ಲಿ ನಿಂತರೆ ಒಬ್ಬ ಮಿಸ್ತ್ರಿ, ಎರಡು ಪಾನಾ, ಒಂದು ಟಾರ್ಚು ಸಾಕು. ಕಾಮನ್ ರೇಲ್ ಗಾಡಿಗೆ ಕಂಪ್ಯೂಟರ್ ಹಚ್ಚಬೇಕು, ಕಲಬೆರಕೆ ಡೀಸೆಲ್ ಬಿದ್ದರೆ ಇಂಜೆಕ್ಟರುಗಳಿಗೇ ಕುತ್ತು.

ಇಳಿಜಾರಿನಲ್ಲಿ ಟರ್ಬೊ ಏನೂ ಮಾಡುವುದಿಲ್ಲ

ಹತ್ತುವ ಶಕ್ತಿ ಬಂದ ಮೇಲೆ ವೇಗವೂ ಬರುತ್ತದೆ, ಹೇರುವ ಆಸೆಯೂ ಬರುತ್ತದೆ. 1,550 ಕಿಲೊ ಗಾಡಿ 40ರ ವೇಗದಲ್ಲಿದ್ದಾಗ ನಿಲ್ಲಿಸಲು ಬ್ರೇಕ್ ಎಷ್ಟು ಶಾಖ ನುಂಗಬೇಕೋ, ಮೂರೂವರೆ ಟನ್ ಗಾಡಿ 60ರಲ್ಲಿದ್ದರೆ ಅದರ ಐದು ಪಟ್ಟು ನುಂಗಬೇಕು. ಹೊಸ ಗಾಡಿಯ ಬ್ರೇಕ್‌ಗಳನ್ನು ಅದಕ್ಕೆ ತಕ್ಕಂತೆ ಮಾಡಿರುತ್ತಾರೆ, ಆದರೆ ಕಂಪನಿ ಹೇಳಿದ ತೂಕದೊಳಗೆ ಮಾತ್ರ. ಎರಡು ಟನ್ ಗಾಡಿಗೆ ಮೂರು ಟನ್ ಹೇರಿದಾಗ ಎಂಜಿನ್ ಎಳೆಯಬಹುದು. ಅರಬೈಲು ಇಳಿಯುವಾಗ ಬ್ರೇಕ್ ಹಿಡಿಯುತ್ತದೆ ಎಂಬ ಭರವಸೆ ಇಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಿರಿಯ ಚಾಲಕರ ಮಾತು ಟರ್ಬೊ ಗಾಡಿಗೂ ಹಾಗೆಯೇ ಅನ್ವಯಿಸುತ್ತದೆ, ಸಾಲದಿದ್ದರೆ ಇನ್ನೂ ಒಂದು ಗೇರು ಕೆಳಗೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ಹೆಚ್ಚಿನ ಭಾರಕ್ಕೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ಇಟ್ಟಿರುವುದು ಸುಮ್ಮನೆ ಅಲ್ಲ.

ಹಾಗಾದರೆ ಬದಲಿಸಬೇಕೇ?

ಒಂದು ಉದಾಹರಣೆ ಲೆಕ್ಕ ನೋಡೋಣ. ಅಂಕಿಗಳನ್ನು ನಿಮ್ಮದಕ್ಕೆ ಬದಲಿಸಿಕೊಳ್ಳಿ. ತಾರಿಹಾಳದಿಂದ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಹೋಗಿ ಬರಲು 60 ಕಿ.ಮೀ., ಸಾಗಿಸಬೇಕಾದ್ದು ಒಂದೂವರೆ ಟನ್ ಎಂದುಕೊಳ್ಳಿ. ಹಳೇ ಏಸ್ ಎರಡು ಸಲ ಹೋಗಬೇಕು: ಲೀಟರಿಗೆ 18 ಕಿ.ಮೀ. ಎಂದರೆ 6.7 ಲೀಟರ್. ಹೊಸ ಪಿಕಪ್ ಒಂದೇ ಸಲ: 13 ಕಿ.ಮೀ. ಎಂದರೆ 4.6 ಲೀಟರ್. ಡೀಸೆಲ್ ಲೀಟರಿಗೆ 90 ರೂಪಾಯಿ ಹಿಡಿದರೆ ಉಳಿತಾಯ 185 ರೂಪಾಯಿ. ದಿನಕ್ಕೆ ಇಂಥ ಎರಡು ಲೋಡು, ತಿಂಗಳಿಗೆ 25 ದಿನ ಎಂದರೆ ಸುಮಾರು 9,200 ರೂಪಾಯಿ. ಅದೇ 8 ಲಕ್ಷ ಸಾಲಕ್ಕೆ ಶೇಕಡಾ 11 ಬಡ್ಡಿಯಲ್ಲಿ ಐದು ವರ್ಷದ ಕಂತು ತಿಂಗಳಿಗೆ ಸುಮಾರು 17,400 ರೂಪಾಯಿ. ಡೀಸೆಲ್ ಉಳಿತಾಯ ಒಂದರಿಂದಲೇ ಕಂತು ತೀರುವುದಿಲ್ಲ. ಉಳಿದ ಅರ್ಧ ದಿನದಲ್ಲಿ ಬೇರೆ ಬಾಡಿಗೆ ಸಿಕ್ಕರೆ ಮಾತ್ರ ಹೊಸ ಗಾಡಿ ತನ್ನ ಸಾಲ ತಾನೇ ಕಟ್ಟುತ್ತದೆ. ನಿಮ್ಮ ಲೋಡು ಯಾವಾಗಲೂ ಐದಾರು ನೂರು ಕಿಲೊ, ಓಡಾಟ ಊರೊಳಗೇ ಎಂದಾದರೆ ಹೊಸ ದೊಡ್ಡ ಪಿಕಪ್ ಡೀಸೆಲ್ಲನ್ನೂ ಹೆಚ್ಚು ಸುಡುತ್ತದೆ, ಡಿಪಿಎಫ್ ತಲೆನೋವನ್ನೂ ತರುತ್ತದೆ. ಅಂಥವರಿಗೆ ನಾವು ಹೇಳುವುದು: ಹಳೇ ಗಾಡಿಯ ಎಫ್‌ಸಿ ಸಲೀಸಾಗಿ ಆಗುವವರೆಗೆ ಅದನ್ನೇ ಓಡಿಸಿ. ಬಾಡಿಗೆ ಗಾಡಿಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು ಎಂಬುದು ಲೆಕ್ಕದಲ್ಲಿರಲಿ.

ನಡುವಿನ ದಾರಿಯೆಂದು ಸೆಕೆಂಡ್ ಹ್ಯಾಂಡ್ ಟರ್ಬೊ ಪಿಕಪ್ ನೋಡುವವರು ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಲೇ ಇದ್ದರೆ ಎಣ್ಣೆ ಉರಿಯುತ್ತಿದೆ ಎಂದು ಅರ್ಥ. ಗಾಳಿಯ ಕೊಳವೆ ಬಿಚ್ಚಿಸಿ ಟರ್ಬೊದ ಚಕ್ರವನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿ. ಎಂಜಿನ್ ಆಫ್ ಇರಬೇಕು ಎಂದು ಬೇರೆ ಹೇಳಬೇಕಿಲ್ಲ. ಕೂದಲೆಳೆಯಷ್ಟು ಆಟ ಇರುವುದು ಸಹಜ, ಚಕ್ರ ಗೋಡೆಗೆ ತಾಗಿದ ಗೀರು ಕಂಡರೆ ಆ ಗಾಡಿ ಬೇಡ. ಡಿಪಿಎಫ್ ಜಾಗದಲ್ಲಿ ಹೊಸದಾಗಿ ವೆಲ್ಡಿಂಗ್ ಆದ ಗುರುತು ಇದೆಯೇ ಎಂದು ಬಗ್ಗಿ ನೋಡುವುದನ್ನೂ ಮರೆಯಬೇಡಿ.