ಬೂಟ್ ಬೀಗದ ಕೈ ಯಾರ ಬಳಿ ಇರಬೇಕು?

ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಮೊದಲು ಓಡುವುದು ಮದರ್‌ಬೋರ್ಡ್‌ನ ಚಿಪ್‌ನಲ್ಲಿರುವ ಫರ್ಮ್‌ವೇರ್. ಯಾವ ಆಪರೇಟಿಂಗ್ ಸಿಸ್ಟಂಗೆ ದಾರಿ ಬಿಡಬೇಕೆಂದು ತೀರ್ಮಾನಿಸುವುದೂ ಅದೇ. ಕಳೆದ ನಾಲ್ಕು ದಶಕಗಳಲ್ಲಿ ಈ ತೀರ್ಮಾನದ ಅಧಿಕಾರ ಬಳಕೆದಾರರ ಕೈಯಿಂದ ಕಂಪನಿಗಳ ಕಡೆಗೆ ಹಂತಹಂತವಾಗಿ ಸರಿದಿದೆ.

1981ರ ಐಬಿಎಂ ಪಿಸಿಯ ಫರ್ಮ್‌ವೇರ್ ಆದ ಬಯಾಸ್, ಓಡಿಸುವ ಕೋಡ್ ಯಾರದೆಂದು ತಪಾಸಣೆ ಮಾಡುತ್ತಿರಲಿಲ್ಲ. ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ ಏನಿದ್ದರೂ ಅದನ್ನು ಓಡಿಸುತ್ತಿತ್ತು. 1986ರ ಬ್ರೇನ್ ವೈರಸ್ ಹರಡಿದ್ದು ಹೀಗೆಯೇ. 1991ರಲ್ಲಿ ಹುಟ್ಟಿದ ಲಿನಕ್ಸ್, ಯಾರ ಅಪ್ಪಣೆಯನ್ನೂ ಕೇಳದೆ ಸಾಮಾನ್ಯ ಪಿಸಿಗಳಲ್ಲಿ ನೆಲೆಯೂರಿದ್ದೂ ಹೀಗೆಯೇ.

ಬಯಾಸ್ ಜಾಗಕ್ಕೆ ಇಂಟೆಲ್ ರೂಪಿಸಿದ ಇಎಫ್‌ಐ ಬಂತು. 2005ರಿಂದ ಕಂಪನಿಗಳ ಒಕ್ಕೂಟವೊಂದು ಅದನ್ನು ಯುಇಎಫ್‌ಐ ಹೆಸರಿನಲ್ಲಿ ಬೆಳೆಸಿತು. ಅದರ ಭಾಗವಾದ ಸೆಕ್ಯೂರ್ ಬೂಟ್, ತನ್ನಲ್ಲಿ ನಮೂದಾದ ಕೀಗಳಿಗೆ ಹೊಂದುವ ಡಿಜಿಟಲ್ ಸಹಿ ಇಲ್ಲದ ಬೂಟ್‌ಲೋಡರ್ ಅನ್ನು, ಅಂದರೆ ಸಿಸ್ಟಂ ತೆರೆಯುವ ಪ್ರೋಗ್ರಾಂ ಅನ್ನು, ತಡೆಯುತ್ತದೆ.

ವಿಂಡೋಸ್ 8ರ ಲೋಗೋ ಬೇಕಾದರೆ ಸೆಕ್ಯೂರ್ ಬೂಟ್ ಆನ್ ಆಗಿಯೇ ಇರಬೇಕು ಎಂಬ ಮೈಕ್ರೋಸಾಫ್ಟ್ ಷರತ್ತು 2011ರಲ್ಲಿ ವಿವಾದ ಎಬ್ಬಿಸಿತು. ರೆಡ್ ಹ್ಯಾಟ್‌ನಲ್ಲಿದ್ದ ಮ್ಯಾಥ್ಯೂ ಗ್ಯಾರೆಟ್, ಲಿನಕ್ಸ್‌ನಂಥ ಸಿಸ್ಟಂಗಳು ಓಡದೆ ಹೋಗುವ ಅಪಾಯವನ್ನು ಬಿಡಿಸಿ ಹೇಳಿದರು. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಇದರ ವಿರುದ್ಧ ಜನರ ಸಹಿ ಸಂಗ್ರಹಿಸಿತು. ಕೊನೆಗೆ ಉಳಿದದ್ದು ಇಬ್ಬಗೆಯ ನಿಯಮ. ಇಂಟೆಲ್, ಎಎಂಡಿ ಪಿಸಿಗಳಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಲು, ಸ್ವಂತ ಕೀ ಸೇರಿಸಲು ಅವಕಾಶ ಇರಲೇಬೇಕಿತ್ತು. ಸರ್ಫೇಸ್ ಆರ್‌ಟಿಯಂಥ ಆರ್ಮ್ ಯಂತ್ರಗಳಲ್ಲಿ ಆಫ್ ಮಾಡುವ ದಾರಿಯೇ ಇರುವಂತಿರಲಿಲ್ಲ. 2015ರಲ್ಲಿ ವಿಂಡೋಸ್ 10 ಬಂದಾಗ, ಪಿಸಿಗಳಲ್ಲೂ ಆಫ್ ಮಾಡುವ ಸ್ವಿಚ್ ಕೊಡುವುದು ತಯಾರಕರ ಇಷ್ಟಕ್ಕೆ ಬಿಟ್ಟದ್ದಾಯಿತು.

ಲಿನಕ್ಸ್ ಬಳಗ ಕಂಡುಕೊಂಡ ಪರಿಹಾರ ‘ಶಿಮ್’. ಬಹುತೇಕ ಪಿಸಿಗಳು ಒಪ್ಪುವ ಮೈಕ್ರೋಸಾಫ್ಟ್ ಸಹಿ ಹೊತ್ತ ಈ ಪುಟ್ಟ ಪ್ರೋಗ್ರಾಂ ಮೊದಲು ಓಡಿ, ಮುಂದಿನ ಹಂತವನ್ನು ಆಯಾ ಡಿಸ್ಟ್ರೋದ, ಅಂದರೆ ಲಿನಕ್ಸ್ ಆವೃತ್ತಿಯ, ಕೀಯಿಂದ ಪರಿಶೀಲಿಸುತ್ತದೆ. ಬಳಕೆದಾರರು ತಮ್ಮ ಕೀಯನ್ನೂ ಅದಕ್ಕೆ ಸೇರಿಸಬಹುದು. 2013ರಲ್ಲಿ ಫೆಡೋರಾ 18, 2019ರಲ್ಲಿ ಡೆಬಿಯನ್ 10 ಈ ದಾರಿ ಹಿಡಿದವು. ಕೆಲಸ ನಡೆಯಿತು, ಮೈಕ್ರೋಸಾಫ್ಟ್ ಮೇಲಿನ ಅವಲಂಬನೆ ತಪ್ಪಲಿಲ್ಲ.

ಸಹಿಯೊಂದೇ ರಕ್ಷಣೆಯಲ್ಲ ಎಂಬುದೂ ಬಯಲಾಗಿದೆ. 2020ರ ಬೂಟ್‌ಹೋಲ್ ದೋಷ ಸಿಕ್ಕಿದ್ದು ಸಹಿಯ ಸರಪಳಿಯಲ್ಲೇ ಇದ್ದ ಲಿನಕ್ಸ್ ಬೂಟ್‌ಲೋಡರ್ ಗ್ರಬ್‌ನಲ್ಲಿ. 2023ರಲ್ಲಿ ಭದ್ರತಾ ಕಂಪನಿ ಇಸೆಟ್ ವಿಶ್ಲೇಷಿಸಿದ ಬ್ಲ್ಯಾಕ್‌ಲೋಟಸ್ ಎಂಬ ದುರುದ್ದೇಶದ ಪ್ರೋಗ್ರಾಂ, ದೋಷವಿದ್ದರೂ ಸಹಿ ರದ್ದಾಗದ ಹಳೆಯ ವಿಂಡೋಸ್ ಕಡತಗಳನ್ನು ಬಳಸಿಕೊಂಡಿತು. ಹಾಗೆಂದು ರದ್ದು ಮಾಡುವ ಕೆಲಸವೂ ಸಲೀಸಲ್ಲ: 2024ರ ಆಗಸ್ಟ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಒಂದರಿಂದ ವಿಂಡೋಸ್, ಲಿನಕ್ಸ್ ಎರಡೂ ಇರುವ ಹಲವು ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ತೆರೆಯದಾಯಿತು.

2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಒಗ್ಗದ, ಆದರೆ ಗಟ್ಟಿಮುಟ್ಟಾದ ಕಂಪ್ಯೂಟರುಗಳು ಗುಜರಿಗೆ ಹೋಗದೆ ಇನ್ನೂ ದುಡಿಯಬೇಕಾದರೆ ಬೇರೆ ಸಿಸ್ಟಂ ಹಾಕಿಕೊಳ್ಳುವ ಸ್ವಾತಂತ್ರ್ಯ ಬೇಕೇ ಬೇಕು. ಬೂಟ್ ರಕ್ಷಣೆಯನ್ನು ನಾನು ವಿರೋಧಿಸುವುದಿಲ್ಲ. ಆದರೆ ಹಣ ಕೊಟ್ಟು ಕೊಂಡವರು ಅದನ್ನು ಆಫ್ ಮಾಡುವ, ತಮ್ಮ ಕೀ ಸೇರಿಸುವ ದಾರಿ ಪ್ರತಿ ಯಂತ್ರದಲ್ಲೂ ಇರಬೇಕು. ತಯಾರಕರ ಮರ್ಜಿಗೆ ಬಿಡದೆ ಅದನ್ನು ಗ್ರಾಹಕರ ಹಕ್ಕಾಗಿ ಕಾನೂನಿನಲ್ಲೇ ಬರೆಯಬೇಕು.